ಅಪ್ಪನ ಗಾಡಿ ಯಾರ ಹೆಸರಿಗೆ?

ಕೈಬಾಂಬ್ ಮಾಡುತ್ತಿದ್ದ ಮನುಷ್ಯನೊಬ್ಬ ಮೋಟಾರ್ ಸೈಕಲ್ ಮಾಡಲು ಹೊರಟ. ಅವನ ಮೋಟಾರ್ ಸೈಕಲ್ ಯುರೋಪ್ ದಾಟಿ, ಸಮುದ್ರ ದಾಟಿ, ಕೊನೆಗೆ ಬಂದು ನೆಲೆ ನಿಂತಿದ್ದು ನಮ್ಮ ಮೈಸೂರಿನ ಯಾದವಗಿರಿಯಲ್ಲಿ. ನಂಬೋದು ಸ್ವಲ್ಪ ಕಷ್ಟ. ಆದರೆ ನಡೆದಿದ್ದು ಹಾಗೇ.

ಅವನ ಹೆಸರು ಫ್ರಾಂಟಿಷೆಕ್ ಯಾನೆಚೆಕ್. ಜೆಕೊಸ್ಲೊವಾಕಿಯಾದ ಇಂಜಿನಿಯರ್. ಪ್ರಾಗ್‌ನಲ್ಲಿ ಶಸ್ತ್ರಾಸ್ತ್ರದ ಕಾರ್ಖಾನೆ ಇಟ್ಟಿದ್ದ. ಮೊದಲ ಮಹಾಯುದ್ಧ ಮುಗಿದು ಹತ್ತು ವರ್ಷವಾಗಿತ್ತು. ಯುದ್ಧ ಇಲ್ಲದ ಕಾಲದಲ್ಲಿ ಕೈಬಾಂಬ್ ಯಾರಿಗೆ ಬೇಕು ಸ್ವಾಮಿ? ಆರ್ಡರ್ ಕಮ್ಮಿಯಾಯಿತು. ಯಂತ್ರಗಳಿದ್ದವು, ಕೆಲಸಗಾರರಿದ್ದರು, ಕೆಲಸ ಇರಲಿಲ್ಲ. ಅದೇ ಹೊತ್ತಿಗೆ ಜರ್ಮನಿಯ ವಾಂಡರರ್ ಎಂಬ ಕಂಪನಿ ತನ್ನ 500 ಸಿಸಿ ಮೋಟಾರ್ ಸೈಕಲ್ಲನ್ನು ಕೈಬಿಡಲು ನೋಡುತ್ತಿತ್ತು. ಯಾನೆಚೆಕ್ ಅದರ ಹಕ್ಕನ್ನು ಕೊಂಡುಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿದ. 1929ರಲ್ಲಿ 'ಜಾವಾ' ಹುಟ್ಟಿತು. ಜೆಕ್ ಜನ ಅದನ್ನು 'ಯಾವಾ' ಅನ್ನುತ್ತಾರೆ. ಜಾವಾ ಅಂತ ಕರೆದವರು ನಾವು.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಜಾವಾ ಅನ್ನೋ ಹೆಸರೇ ಇಬ್ಬರದ್ದು. ಒಬ್ಬರು ಬಿಟ್ಟಿದ್ದನ್ನು ಇನ್ನೊಬ್ಬರು ಕೈಗೆತ್ತಿಕೊಂಡಾಗ ಹುಟ್ಟಿದ ಹೆಸರು ಅದು. ಮುಂದಿನ ತೊಂಬತ್ತು ಚಿಲ್ಲರೆ ವರ್ಷ ಈ ಗಾಡಿಯ ಹಣೆಬರಹ ಇದೇ ಆಗಿಹೋಯಿತು. ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವುದು.

ಯಾನೆಚೆಕ್‌ನ ಮೊದಲ ಗಾಡಿ ದುಬಾರಿ. ಅದು ಬಂದ ವರ್ಷವೇ ಅಮೆರಿಕದ ಷೇರುಪೇಟೆ ಕುಸಿದು ಜಗತ್ತಿಗೆ ಜಗತ್ತೇ ಬಡವಾಯಿತು. ಅವನು ಪಾಠ ಕಲಿತ. 1932ರಲ್ಲಿ 175 ಸಿಸಿಯ, ಸಾಮಾನ್ಯನ ಜೇಬಿಗೆ ಎಟಕುವ ಟೂ-ಸ್ಟ್ರೋಕ್ ಗಾಡಿ ತಂದ. ಅದು ಗೆದ್ದಿತು. ಅಲ್ಲಿಂದಾಚೆಗೆ ಜಾವಾ ಅಂದರೆ ಜನಸಾಮಾನ್ಯರ ಗಾಡಿ. 1939ರಲ್ಲಿ ಹಿಟ್ಲರನ ಸೈನ್ಯ ಪ್ರಾಗ್‌ಗೆ ಬಂತು. ಕಾರ್ಖಾನೆ ಜರ್ಮನರ ಯುದ್ಧಕ್ಕೆ ದುಡಿಯಬೇಕಾಯಿತು. 1941ರಲ್ಲಿ ಯಾನೆಚೆಕ್ ತೀರಿಕೊಂಡ. ಆದರೆ ಅವನ ಇಂಜಿನಿಯರ್‌ಗಳು ಜರ್ಮನರ ಕಣ್ಣು ತಪ್ಪಿಸಿ ಒಂದು ಹೊಸ 250 ಸಿಸಿ ಗಾಡಿಯ ಕೆಲಸ ಮಾಡುತ್ತಲೇ ಇದ್ದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಪ್ಯಾರಿಸ್ ಪ್ರದರ್ಶನದಲ್ಲಿ ಆ ಗಾಡಿಯನ್ನು ತಂದು ನಿಲ್ಲಿಸಿದರು. ಪೆರಾಕ್ ಅಂತ ಅದರ ಹೆಸರು. ಯಜಮಾನ ಸತ್ತಿದ್ದ, ದೇಶ ಕೈತಪ್ಪಿತ್ತು, ಗಾಡಿ ಮಾತ್ರ ಉಳಿದುಕೊಂಡಿತ್ತು.

ಈಗ ಮೈಸೂರಿಗೆ ಬರೋಣ.

1950ರ ದಶಕ. ಸ್ವತಂತ್ರ ಭಾರತದ ಹತ್ತಿರ ವಿದೇಶಿ ವಿನಿಮಯ ಇಲ್ಲ. ಹೊರದೇಶದಿಂದ ತಯಾರಾದ ಗಾಡಿ ತರಿಸುವುದಕ್ಕೆ ಸರ್ಕಾರ ಕಡಿವಾಣ ಹಾಕಿತು. ಬೇಕಾದರೆ ಇಲ್ಲೇ ಮಾಡಿ ಎಂದಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್ ಶುರುವಾಗಿದ್ದು ಹೀಗೆ. ಪೋಲೆಂಡಿನ ತಂತ್ರಜ್ಞಾನ ಹಿಡಿದು ರಾಜದೂತ್ ಬಂದಿದ್ದೂ ಹೀಗೆ. ಬೊಂಬಾಯಿಯಲ್ಲಿ ಜಾವಾ ಗಾಡಿಗಳನ್ನು ಆಮದು ಮಾಡಿಕೊಂಡು ಮಾರುತ್ತಿದ್ದ ಪಾರ್ಸಿ ಕುಟುಂಬವೊಂದಿತ್ತು. ರುಸ್ತುಂ ಇರಾನಿ, ಫರೋಖ್ ಇರಾನಿ. ಆಮದು ನಿಂತರೆ ವ್ಯಾಪಾರ ನಿಲ್ಲುತ್ತದೆ. ಹಾಗಾಗಿ ಅವರು ಕಾರ್ಖಾನೆ ಕಟ್ಟಲು ಹೊರಟರು. ಜಾಗ ಹುಡುಕುತ್ತಾ ಬಂದು ನಿಂತಿದ್ದು ಮೈಸೂರಿನಲ್ಲಿ.

1960ರಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಯಿತು. 1961ರಲ್ಲಿ ಕಾರ್ಖಾನೆ ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. ಆಗ ಅವರು ಮಹಾರಾಜರಲ್ಲ, ಮೈಸೂರು ರಾಜ್ಯದ ರಾಜ್ಯಪಾಲರು. ಯೋಚನೆ ಮಾಡಿ. ಕಮ್ಯುನಿಸ್ಟ್ ದೇಶದ ತಂತ್ರಜ್ಞಾನ, ಪಾರ್ಸಿ ಬಂಡವಾಳ, ಮಾಜಿ ಮಹಾರಾಜರ ಹಸ್ತ, ಮೈಸೂರು ಹುಡುಗರ ದುಡಿಮೆ. ಇದಕ್ಕಿಂತ ವಿಚಿತ್ರವಾದ ಕೂಡಾವಳಿ ಇನ್ನೆಲ್ಲಿ ಸಿಗುತ್ತದೆ?

ಆ ಗಾಡಿ ಹೇಗಿತ್ತು? ನಲವತ್ತು ದಾಟಿದ ವೀಕ್ಷಕರಿಗೆ ನಾನು ಹೇಳಬೇಕಾಗಿಲ್ಲ. ಚಿಕ್ಕವರಿಗಾಗಿ ಹೇಳ್ತೀನಿ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಒಂದೇ ಸಿಲಿಂಡರಿನಿಂದ ಹೊಗೆ ಹೊರಹೋಗಲು ಎರಡು ದಾರಿ, ಅದಕ್ಕೇ ಎಡಕ್ಕೊಂದು ಬಲಕ್ಕೊಂದು ಕೊಳವೆ. ಸ್ಪೀಡೋಮೀಟರ್ ಕೂತಿದ್ದು ಹೆಡ್‌ಲೈಟಿನ ಡೂಮಿನ ಮೇಲೆ. ಗೇರ್ ಹಾಕುವ ಲಿವರೇ ಕಿಕ್ಕರ್. ಎಡಗಾಲ ಪಕ್ಕದ ಆ ಲಿವರನ್ನು ಒಳಕ್ಕೆ ಒತ್ತಿ ಮೇಲೆತ್ತಿದರೆ ಅದು ಕಿಕ್ಕರ್ ಆಗುತ್ತೆ. ಗಾಡಿ ಸ್ಟಾರ್ಟ್ ಆದ ಮೇಲೆ ಕೆಳಗಿಳಿಸಿದರೆ ಗೇರ್ ಆಗುತ್ತೆ. ಇನ್ನೂ ಒಂದು ಮಜಾ ಇದೆ. ಗಾಡಿ ಓಡುತ್ತಿರುವಾಗ ಕ್ಲಚ್ ಹಿಡಿಯದೇ ಗೇರ್ ಬದಲಿಸಬಹುದು. ಗೇರ್ ಲಿವರನ್ನು ಒತ್ತಿದಾಗ ಅದೇ ಒಳಗಿನಿಂದ ಕ್ಲಚ್ಚನ್ನು ಬಿಡಿಸುತ್ತದೆ. 60ರ ದಶಕದಲ್ಲಿ ಇದು ಸಣ್ಣ ಪವಾಡ.

ಡಾಕ್ಟರು, ಕಾಫಿ ತೋಟದ ರೈಟರು, ಮೇಷ್ಟ್ರು, ಪೊಲೀಸು, ಹಾಲಿನ ಕ್ಯಾನಿನವರು, ಎಲ್ಲರೂ ಜಾವಾ ಹತ್ತಿದರು. ಹಳ್ಳಿಗೆ ಗಾಡಿ ಬರುತ್ತಿದೆ ಅಂತ ಒಂದು ಮೈಲಿ ದೂರದಿಂದಲೇ ಶಬ್ದ ಹೇಳುತ್ತಿತ್ತು. ಬುಲೆಟ್ ಡಬ್ ಡಬ್ ಎಂದರೆ ಇದು ಟರ್ರ್ ಎಂದು ಬೇರೆಯೇ ರಾಗ.

1970ರ ದಶಕದ ಆರಂಭದಲ್ಲಿ ಜೆಕ್ ಕಂಪನಿಯ ಜೊತೆಗಿನ ಲೈಸೆನ್ಸ್ ಕಾಲ ಮುಗಿಯಿತು. 1973ರಿಂದ ಅದೇ ಕಾರ್ಖಾನೆಯ ಗಾಡಿಗೆ ಹೊಸ ಹೆಸರು: ಯೆಜ್ಡಿ. ಇರಾನಿನ ಯಜ್ದ್ ನಗರ ಪಾರ್ಸಿಗಳ ಪೂರ್ವಿಕರ ನೆಲ. ಅಲ್ಲಿಂದ ಬಂದ ಹೆಸರು. ಕಾಕತಾಳೀಯ ನೋಡಿ, ಜೆಕ್ ಭಾಷೆಯಲ್ಲೂ 'ಯೆಜ್ಡೀ' ಎಂದರೆ 'ಓಡಿಸುತ್ತಾನೆ' ಅಂತಲೇ ಅರ್ಥ. ಟ್ಯಾಂಕಿನ ಮೇಲಿನ ಅಕ್ಷರ ಬದಲಾಯಿತು, ಗಾಡಿ ಬದಲಾಗಲಿಲ್ಲ. 1978ರಲ್ಲಿ ರೋಡ್‌ಕಿಂಗ್ ಬಂತು. ಕಾಲೇಜು ಹುಡುಗರಿಗೆ ಹುಚ್ಚು ಹಿಡಿಸಿದ್ದು ಅದು. ಕಂಪನಿಯ ಜಾಹೀರಾತಿನ ಸಾಲು 'ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ'. ಎಂದೆಂದಿಗೂ ಈ ಬೈಕು.

ಎಂದೆಂದಿಗೂ ಅಂದವರು ಎಷ್ಟು ದಿನ ಇದ್ದರು?

1984-85ರಲ್ಲಿ ಜಪಾನಿನ ಗಾಡಿಗಳು ಬಂದವು. ಹೊಸೂರಿನಿಂದ ಇಂಡ್-ಸುಜುಕಿ, ಆಮೇಲೆ ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100. ಹೀರೋ ಹೋಂಡಾದ ಜಾಹೀರಾತು ನೆನಪಿದೆಯಾ? 'ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್'. ಪೆಟ್ರೋಲ್ ತುಂಬಿಸು, ಮುಚ್ಚಳ ಹಾಕು, ಮರೆತುಬಿಡು. ಈ ಮೂರನೆಯ ಮಾತೇ ಯೆಜ್ಡಿಯನ್ನು ಕೊಂದಿದ್ದು. ಯಾಕೆ ಅಂದ್ರೆ ಯೆಜ್ಡಿ ಮರೆಯಲು ಬಿಡುವ ಗಾಡಿಯೇ ಅಲ್ಲ. ಪ್ರತಿ ಲೀಟರ್ ಪೆಟ್ರೋಲಿಗೆ 30-40 ಎಂಎಲ್ ಆಯಿಲ್ ಬೆರೆಸಬೇಕು. ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ಪಾಯಿಂಟ್ ಉಜ್ಜಬೇಕು, ಸೈಲೆನ್ಸರ್ ಬಿಚ್ಚಿ ಕಾರ್ಬನ್ ಕೆರೆಯಬೇಕು. ಪೆಟ್ರೋಲ್ ಬೆಲೆ ಏರುತ್ತಿದ್ದ ಕಾಲದಲ್ಲಿ ಮೈಲೇಜೂ ಕಮ್ಮಿ. ಮೇಲಿಂದ 90ರ ದಶಕದ ಹೊಗೆ ನಿಯಮಗಳು. ಕಾರ್ಖಾನೆಯೊಳಗೆ ಕಾರ್ಮಿಕರ ತಕರಾರು, ಸಾಲ. 1996ರಲ್ಲಿ ಯಾದವಗಿರಿಯ ಗೇಟು ಮುಚ್ಚಿತು. ಮೂವತ್ತೈದು ವರ್ಷದ ಕಥೆ ಮುಗಿಯಿತು. ಮೈಸೂರಿನ ಎಷ್ಟೋ ಮನೆಗಳ ಸಂಬಳ ನಿಂತಿತು. ಕಂಪನಿ ಲಿಕ್ವಿಡೇಶನ್‌ಗೆ ಹೋಯಿತು.

ಹೆಸರಿನ ಕಥೆ ಮಾತ್ರ ಮುಗಿಯಲಿಲ್ಲ. 2018ರ ನವೆಂಬರ್‌ನಲ್ಲಿ ಜಾವಾ ಮತ್ತೆ ಬಂತು. ಮಹೀಂದ್ರ ಸಮೂಹದ ಬಂಡವಾಳ ಇರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ತಂದಿದ್ದು. ಅದರಲ್ಲಿ ಪಾಲುದಾರರು ರುಸ್ತುಂ ಇರಾನಿಯವರ ಮಗ ಬೋಮನ್ ಇರಾನಿ. 2022ರಲ್ಲಿ ಯೆಜ್ಡಿಯೂ ಬಂತು. ಈಗ ಪ್ರಶ್ನೆ: ಯೆಜ್ಡಿ ಅನ್ನೋ ಹೆಸರು ಯಾರದ್ದು? ಮಗನದ್ದಾ? ಮುಳುಗಿದ ಕಂಪನಿಯ ಸಾಲಗಾರರದ್ದಾ? ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿತು, ಅದು ಲಿಕ್ವಿಡೇಶನ್‌ನಲ್ಲಿರುವ ಕಂಪನಿಯ ಆಸ್ತಿ ಎಂದು. ಮೇಲ್ಮನವಿ ಹೋಯಿತು. 2025ರ ನವೆಂಬರ್‌ನಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ತೆಗೆದುಹಾಕಿ ಬೋಮನ್ ಇರಾನಿಯವರ ಪರ ನಿಂತಿತು.

ಅಪ್ಪ ಕಟ್ಟಿದ ಹೆಸರನ್ನು ಮಗ ತನ್ನದು ಎನ್ನಲು ಇಷ್ಟೆಲ್ಲ ಕೋರ್ಟು, ಕಚೇರಿ, ವಕೀಲರು. ಸರಿ, ಅದು ನೂರಾರು ಕೋಟಿಯ ವ್ಯವಹಾರ. ನಾನು ಕೇಳೋದು ಇಷ್ಟೇ. ನಿಮ್ಮ ಮನೆ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ನಿಂತಿದೆಯಲ್ಲ ಅಪ್ಪನ ಹಳೇ ಗಾಡಿ, ಅದು ಯಾರದ್ದು?

ಈ ಪ್ರಶ್ನೆ ನನ್ನ ಮನೆಯದ್ದೂ ಹೌದು. ನಮ್ಮ ಮನೆಯಲ್ಲಿ ಒಂದು ಜಾವಾ ಇದೆ. 1970ರ ಮಾಡೆಲ್, ಮರೂನ್ ಬಣ್ಣ, ಟ್ಯಾಂಕಿನ ಪಕ್ಕಕ್ಕೆ ಕ್ರೋಮ್. ನಂಬರು ಇನ್ನೂ 'ಎಂವೈ' ಎಂದೇ ಶುರುವಾಗುತ್ತೆ. ಕೆಎ ಬರುವುದಕ್ಕೂ ಎಷ್ಟೋ ಮೊದಲಿನದ್ದು, ರಾಜ್ಯದ ಹೆಸರೇ ಮೈಸೂರು ಆಗಿದ್ದ ಕಾಲದ್ದು. ಅಪ್ಪ ಅದನ್ನು ಕೊಂಡಿದ್ದು 1974ರಲ್ಲಿ, ಸೆಕೆಂಡ್ ಹ್ಯಾಂಡ್. ಹೈಸ್ಕೂಲ್ ಮೇಷ್ಟ್ರ ಸಂಬಳದಲ್ಲಿ ಹೊಸ ಗಾಡಿಯ ಮಾತೆಲ್ಲಿ? ಸೊಸೈಟಿಯಲ್ಲಿ ಸಾಲ ಎತ್ತಿ ತಂದಿದ್ದು. ಅಮ್ಮನ ಹೆರಿಗೆಗೆ ಆಸ್ಪತ್ರೆಗೆ ಹೋಗಿದ್ದು, ಅಜ್ಜಿಯ ಅಸ್ಥಿ ಹೊಳೆಗೆ ಒಯ್ದಿದ್ದು, ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಲು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದು, ಎಲ್ಲಾ ಅದರ ಮೇಲೇ. ನಾನು, ನನ್ನ ತಂಗಿ ಟ್ಯಾಂಕಿನ ಮೇಲೆ ಕೂತೇ ಬೆಳೆದವರು.

ಅಪ್ಪನಿಗೀಗ 79. ಮಂಡಿ ಸವೆದಿದೆ. ಕಿಕ್ಕರ್ ಹೊಡೆಯಲು ಆಗಲ್ಲ. ಆದರೆ ಕೀ ಇನ್ನೂ ಅವರ ಅಂಗಿ ಜೇಬಿನಲ್ಲೇ ಇತ್ತು. ಬೆಳಿಗ್ಗೆ ಪಕ್ಕದ ಮನೆ ಹುಡುಗನ ಕೈಲಿ ಕಿಕ್ ಹೊಡೆಸಿಕೊಂಡು ತಾವು ಹತ್ತಿ ಹೊರಟುಬಿಡೋರು. ತರಕಾರಿ, ಬ್ಯಾಂಕು, ಲೈಬ್ರರಿ. ಒಂದು ದಿನ ಸಿಗ್ನಲ್‌ನಲ್ಲಿ ಗಾಡಿ ಆಫ್ ಆಯಿತು. ಹಿಂದೆ ಹಾರ್ನು. ಇವರಿಗೆ ಇಳಿದು ತಳ್ಳುವ ಶಕ್ತಿಯಿಲ್ಲ. ಯಾರೋ ಆಟೋದವರು ಇಳಿದು ಬಂದು ಪಕ್ಕಕ್ಕೆ ತಳ್ಳಿಕೊಟ್ಟರಂತೆ. ಅಪ್ಪ ಇದನ್ನು ನನಗೆ ಹೇಳಲಿಲ್ಲ. ಹೇಳಿದ್ದು ಅಮ್ಮ, ಅದೂ ಫೋನಿನಲ್ಲಿ, ದನಿ ತಗ್ಗಿಸಿ.

ಇಂಥ ಫೋನ್ ನಿಮ್ಮಲ್ಲಿ ಎಷ್ಟು ಜನಕ್ಕೆ ಬಂದಿಲ್ಲ ಹೇಳಿ?

ಕಾನೂನು ಇಲ್ಲಿ ನಿಮ್ಮ ಸಹಾಯಕ್ಕೆ ಬರಲ್ಲ. ನಮ್ಮ ದೇಶದಲ್ಲಿ ಸ್ವಂತ ಗಾಡಿ ಓಡಿಸಲು ಗರಿಷ್ಠ ವಯಸ್ಸು ಎಂಬುದೇ ಇಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 55 ದಾಟಿದವರು 5 ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಬೇಕು, ವೈದ್ಯರ ಸರ್ಟಿಫಿಕೇಟ್ ಕೊಡಬೇಕು. ಅಷ್ಟೇ. ಆ ಐದು ವರ್ಷದ ನಡುವೆ ಮಂಡಿ ಸವೆದರೆ, ಕಣ್ಣು ಮಂಜಾದರೆ, ಅದು ಮನೆಯವರ ತಲೆನೋವು. 'ಅಪ್ಪಾ, ಇನ್ನು ಸಾಕು' ಎನ್ನಬೇಕಾದವರು ನಾವು.

ಆದರೆ ಹೇಗೆ ಹೇಳೋದು? ಹೆಚ್ಚಿನ ಮನೆಗಳಲ್ಲಿ ಇದು ನಡೆಯುವ ರೀತಿ ನಾನು ನೋಡಿದ್ದೀನಿ. ಮಗ ಒಂದು ದಿನ ಕೀ ಬಚ್ಚಿಡ್ತಾನೆ. ಅಥವಾ ಪ್ಲಗ್ ಕಿತ್ತು ಗಾಡಿ ಕೆಟ್ಟಿದೆ ಅಂತಾನೆ. ಅಥವಾ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಗುಜರಿಯವನನ್ನು ಕರೆದು ಕೆಜಿ ಲೆಕ್ಕಕ್ಕೆ ಕೊಟ್ಟುಬಿಡ್ತಾನೆ. ಅಪ್ಪ ವಾಪಸ್ ಬಂದು ಖಾಲಿ ಶೆಡ್ಡು ನೋಡ್ತಾರೆ. ಏನೂ ಮಾತಾಡಲ್ಲ. ಆವತ್ತಿಂದ ಮಾತೇ ಕಮ್ಮಿಯಾಗುತ್ತೆ. ಇದು ಗಾಡಿ ತೆಗೆದಿದ್ದಲ್ಲ ಸ್ವಾಮಿ, ಮನೆಯಲ್ಲಿ ಅವರಿಗಿದ್ದ ಕೊನೆಯ ಯಜಮಾನಿಕೆ ಕಿತ್ತುಕೊಂಡಿದ್ದು.

ನಾನು ಅಪ್ಪನಿಗೆ ಬೇರೆಯದನ್ನೇ ಕೇಳಿದೆ. 'ನಂಗೆ ಇದನ್ನ ಓಡಿಸೋದು ಕಲಿಸಿಕೊಡಿ' ಅಂದೆ.

ಅಪ್ಪ ಕನ್ನಡಕದ ಮೇಲಿಂದ ನೋಡಿದರು. 'ನಿಂಗೆ ಗಾಡಿ ಓಡಿಸೋಕೆ ಬರಲ್ವೇನೋ?' ಅಂದರು.

'ಗಾಡಿ ಬರುತ್ತೆ. ಇದು ಬರಲ್ಲ.'

ಅದು ನಿಜ ಕೂಡ. ಬಟನ್ ಒತ್ತಿ ಸ್ಟಾರ್ಟ್ ಮಾಡಿ ಬೆಳೆದ ಕೈಗೆ ಜಾವಾ ದಕ್ಕುವುದಿಲ್ಲ. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಪ್ಪ ಕೂತರು. ಪಾಠ ಶುರುವಾಯಿತು. ಮೊದಲು ಪೆಟ್ರೋಲ್ ಕಾಕ್ ತಿರುಗಿಸು. ಕಾರ್ಬ್ಯುರೇಟರ್ ಮೇಲಿನ ಗುಂಡಿ ಒತ್ತು, ಪೆಟ್ರೋಲ್ ಬೆರಳಿಗೆ ತಾಗುವ ತನಕ. ಸ್ವಿಚ್ ಹಾಕದೇ ಎರಡು ಸಲ ಸುಮ್ಮನೆ ಕಿಕ್ ಹೊಡಿ, ಇಂಜಿನ್ನಿಗೆ ಉಸಿರು ಸಿಗಲಿ. ಆಮೇಲೆ ಸ್ವಿಚ್. ಹತ್ತು ಕಿಕ್ ಹೊಡೆದರೂ ಅದು ಮಾತಾಡಲಿಲ್ಲ. ಅಪ್ಪ ಕುರ್ಚಿಯಿಂದಲೇ ಅಂದರು, 'ಒದೀಬೇಡ ಕಣೋ, ಅದೇನು ದನವಾ? ಮೇಲಿಂದ ಬಿಗಿ ಸಿಗೋ ತನಕ ತಗೊಂಡ್ಹೋಗು, ಆಮೇಲೆ ಮೈಭಾರ ಬಿಡು.' ಹನ್ನೊಂದನೇ ಸಲಕ್ಕೆ ಅದು ಎದ್ದಿತು. ಶೆಡ್ಡು ತುಂಬಾ ನೀಲಿ ಹೊಗೆ. ಅಡುಗೆಮನೆಯಿಂದ ಅಮ್ಮ ಬೈದಿದ್ದು ಕೇಳಿಸಲಿಲ್ಲ.

ಎರಡು ತಿಂಗಳು, ಊರಿಗೆ ಹೋದ ಪ್ರತಿ ಭಾನುವಾರ, ಇದೇ ಕೆಲಸ. ಕ್ಲಚ್ ಮುಟ್ಟದೇ ಗೇರ್ ಹಾಕೋದು. ಆಯಿಲ್ ಬೆರೆಸೋದು: ಮೊದಲು ಆಯಿಲ್, ಆಮೇಲೆ ಪೆಟ್ರೋಲ್ ಅಲ್ಲ, ಎರಡನ್ನೂ ಕ್ಯಾನಿನಲ್ಲಿ ಕಲಕಿ ಆಮೇಲೆ ಟ್ಯಾಂಕಿಗೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಡಬಾರದು. ಯಾಕೆ? ಟೂ-ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಹೋಗೋದೇ ಪೆಟ್ರೋಲ್ ಜೊತೆ. ಪೆಟ್ರೋಲ್ ನಿಲ್ಲಿಸಿ ಇಂಜಿನ್ ತಿರುಗಿಸಿದರೆ ಅದು ಒಣಗಿಹೋಗುತ್ತೆ. ಚಾರ್ಮಾಡಿ ಇಳಿಯುವಾಗ ಒಮ್ಮೆ ಪಿಸ್ಟನ್ ಹಿಡಿದುಕೊಂಡು ರಾತ್ರಿಯೆಲ್ಲಾ ರಸ್ತೆ ಪಕ್ಕ ಕೂತಿದ್ದ ಕಥೆ ಅಪ್ಪ ಆವತ್ತು ಮೊದಲ ಸಲ ಹೇಳಿದರು. ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ. ಅಪ್ಪನ ಯೌವನದ ಬಗ್ಗೆ ನನಗೆ ಗೊತ್ತಿರೋದರಲ್ಲಿ ಅರ್ಧ, ಆ ಎರಡು ತಿಂಗಳಲ್ಲಿ, ಸ್ಪ್ಯಾನರ್ ಹಿಡಿದುಕೊಂಡು ಕೇಳಿದ್ದು.

ಮೂರನೇ ತಿಂಗಳು ಅಪ್ಪ ಕೀ ತೆಗೆದು ಕೊಟ್ಟರು. ನಾನು ಕೇಳಿರಲಿಲ್ಲ. 'ನನ್ನ ಹಿಂದೆ ಕೂರಿಸಿಕೊಂಡು ಬ್ಯಾಂಕಿಗೆ ಬಿಡು' ಎಂದರು. ಬ್ಯಾಂಕಿನ ತನಕ ಹಿಂದಿನಿಂದ ಗೇರ್ ಹೇಳುತ್ತಲೇ ಬಂದರು.

ಈಗ ಕಾಗದದ ಮಾತು. ಇದು ಮುಖ್ಯ, ಬರೆದಿಟ್ಟುಕೊಳ್ಳಿ.

ಅಪ್ಪ ಬದುಕಿರುವಾಗ ಗಾಡಿ ನಿಮ್ಮ ಹೆಸರಿಗೆ ಆಗಬೇಕಾದರೆ ಫಾರಂ 29 ಮತ್ತು 30. ಇಬ್ಬರ ಸಹಿ. ಅಷ್ಟೇ ಕೆಲಸ. ಅಪ್ಪ ತೀರಿಕೊಂಡ ಮೇಲಾದರೆ ಫಾರಂ 31. 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು, ಮರಣ ಪ್ರಮಾಣಪತ್ರ ಬೇಕು, ಉಳಿದ ವಾರಸುದಾರರ ಒಪ್ಪಿಗೆಯ ಮಾತೂ ಬರುತ್ತೆ. ಸೂತಕದ ಮನೆಯಲ್ಲಿ ಯಾರಿಗೆ ನೆನಪಿರುತ್ತೆ ಇದೆಲ್ಲ? ಎಷ್ಟೋ ಗಾಡಿಗಳು ಹೀಗೇ ಸತ್ತವರ ಹೆಸರಿನಲ್ಲಿ ಓಡುತ್ತಿವೆ. ಅಪಘಾತ ಆದ ದಿನ ಗೊತ್ತಾಗುತ್ತೆ ಅದರ ಬಿಸಿ. 2021ರಿಂದ ಆರ್‌ಸಿಯಲ್ಲಿ ನಾಮಿನಿ ಹೆಸರು ಹಾಕುವ ಅವಕಾಶವನ್ನೂ ಕೇಂದ್ರ ಕೊಟ್ಟಿದೆ. ಬ್ಯಾಂಕ್ ಖಾತೆಗೆ ಹಾಕ್ತೀವಿ, ಗಾಡಿಗೆ ಹಾಕೋರು ಎಷ್ಟು ಜನ?

ಇನ್ನು ವಯಸ್ಸಿನ ಪ್ರಶ್ನೆ. ಆರ್‌ಸಿಯ ಆಯುಷ್ಯ 15 ವರ್ಷ. ಆಮೇಲೆ 5 ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಣ. ಬೈಕಿನ ನವೀಕರಣ ಶುಲ್ಕ 2022ರಲ್ಲಿ 1,000 ರೂಪಾಯಿ ಆಯಿತು. 2025ರ ಆಗಸ್ಟ್‌ನಿಂದ, 20 ವರ್ಷ ದಾಟಿದ ಬೈಕಿಗೆ 2,000. ಮೇಲೆ ರಾಜ್ಯದ ಹಸಿರು ತೆರಿಗೆ. ದೆಹಲಿಯಲ್ಲಂತೂ 15 ವರ್ಷದ ಪೆಟ್ರೋಲ್ ಗಾಡಿ ರಸ್ತೆಗಿಳಿಯಬಾರದು ಎಂದು ಹಸಿರು ನ್ಯಾಯಮಂಡಳಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ನಮ್ಮ ರಾಜ್ಯದಲ್ಲಿ ಅಂಥ ನಿಷೇಧ ಇಲ್ಲ.

ಇನ್ನೊಂದು ದಾರಿ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂತು. 50 ವರ್ಷ ದಾಟಿರಬೇಕು, ಮೂಲ ರೂಪ ಕೆಡಿಸಿರಬಾರದು. ನಂಬರಿನಲ್ಲಿ 'ವಿಎ' ಅಕ್ಷರ. ಶುಲ್ಕ 20,000, ಅವಧಿ 10 ವರ್ಷ. ನಮ್ಮ ಜಾವಾಗೆ 55. ಅರ್ಹತೆ ಇದೆ. ಗೆಳೆಯರು ಹೇಳಿದರು, 'ಮಾಡಿಸಿಬಿಡಿ ಸಾರ್, ಗೌರವ.' ಆದರೆ ನಿಯಮದ ಇನ್ನೊಂದು ಸಾಲು ಓದಿ. ವಿಂಟೇಜ್ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಇಂಧನ, ರಿಪೇರಿ ಅಂಥದ್ದಕ್ಕೆ ಮಾತ್ರ. ಅಪ್ಪನಿಗೆ ಓದಿ ಹೇಳಿದೆ. ಅವರು ಒಂದೇ ಮಾತು ಅಂದರು: 'ಅಂದ್ರೆ ತರಕಾರಿ ತರಂಗಿಲ್ವಾ?' ನಮ್ಮ ಗಾಡಿ ಮಾಮೂಲಿ ಗಾಡಿಯಾಗಿಯೇ ಉಳಿಯಿತು. ಮೂಲ ನಂಬರಿನಲ್ಲೇ ನವೀಕರಣವಾಯಿತು. ಅದೇ ವಾರ ವರ್ಗಾವಣೆಗೂ ಸಹಿ ಮಾಡಿದರು. ಮೇಷ್ಟ್ರ ಸಹಿ, ದಪ್ಪ ಅಕ್ಷರ, ಕೈ ಸ್ವಲ್ಪ ನಡುಗಿತ್ತು.

ಹಾಗಂತ ಹಳೆಯದೆಲ್ಲ ಹೊನ್ನು ಅಂತ ನಾನು ಹೇಳ್ತಿಲ್ಲ. ಟೂ-ಸ್ಟ್ರೋಕ್ ಇಂಜಿನ್ ಹೊಗೆ ಬಿಡುತ್ತೆ. ಸುಡದ ಪೆಟ್ರೋಲಿನ ಒಂದು ಪಾಲು ನೇರ ಸೈಲೆನ್ಸರಿನಿಂದ ಆಚೆ ಹೋಗುತ್ತೆ. ಇಡೀ ಬೆಂಗಳೂರು ಜಾವಾ ಹತ್ತಿದರೆ ನಾವ್ಯಾರೂ ಉಸಿರಾಡುವ ಹಾಗಿಲ್ಲ. ದಿನಾ 40 ಕಿಲೋಮೀಟರ್ ಆಫೀಸಿಗೆ ಹೋಗೋರಿಗೆ ಇದು ಗಾಡಿಯಲ್ಲ. ಬ್ರೇಕು ಇವತ್ತಿನ ಟ್ರಾಫಿಕ್ಕಿಗೆ ಸಾಲದು, ಆರು ವೋಲ್ಟಿನ ದೀಪ ರಾತ್ರಿ ಹೆದ್ದಾರಿಗೆ ಏನೇನೂ ಸಾಲದು. ಇದನ್ನು ಇಟ್ಟುಕೊಳ್ಳುವವರು ಎಮಿಷನ್ ಟೆಸ್ಟ್ ಮಾಡಿಸಬೇಕು, ಬ್ರೇಕ್ ಲೈನರ್ ನೋಡಿಕೊಳ್ಳಬೇಕು, ಹೆಲ್ಮೆಟ್ ಹಾಕಬೇಕು. ಅಪ್ಪನ ನೆನಪು ಅಂತ ಬೇರೆಯವರ ಮಕ್ಕಳ ಮೇಲೆ ಹತ್ತಿಸುವ ಹಾಗಿಲ್ಲ. ಇದಿಷ್ಟೂ ಮಾಡಲು ಪುರುಸೊತ್ತಿಲ್ಲ ಅನ್ನೋರು, ಮಾಡಬಲ್ಲವರಿಗೆ ಕೊಡಿ. ಅಪ್ಪನನ್ನು ಕೂರಿಸಿಕೊಂಡು, ಅವರ ಕೈಯಿಂದಲೇ ಕೊಡಿಸಿ. ಗುಜರಿಗೆ ಕೊಡೋದಕ್ಕಿಂತ ಅದು ಸಾವಿರ ಪಾಲು ಮೇಲು.

ಯಾದವಗಿರಿಯ ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗುತ್ತಾ ಬಂತು. ಆದರೂ ಇವತ್ತಿಗೂ ಪ್ರತಿ ವರ್ಷ ಜುಲೈ ತಿಂಗಳ ಒಂದು ಭಾನುವಾರ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ನೂರಾರು ಜಾವಾ-ಯೆಜ್ಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಕಂಪನಿ ಇಲ್ಲದೆ, ಶೋರೂಂ ಇಲ್ಲದೆ, ವಾರಂಟಿ ಇಲ್ಲದೆ ಇವು ಉಳಿದಿದ್ದು ಹೇಗೆ? ಬೆಳ್ಳಗಾದ ಗಡ್ಡದ ಮೆಕ್ಯಾನಿಕ್‌ಗಳು ಉಳಿಸಿದರು. ಕಿವಿಯಿಂದಲೇ ಪಾಯಿಂಟ್ ಹೊಂದಿಸುವವರು ಅವರು. ಕೆಲವರು ಅದೇ ಫ್ಯಾಕ್ಟರಿಯಲ್ಲಿ ದುಡಿದವರು. ಮತ್ತೆ ಉಳಿಸಿದ್ದು ಮಕ್ಕಳು. ಅಪ್ಪ ಕಿಕ್ ಹೊಡೆಯಲಾರದ ದಿನ ಬಂದಾಗ, ಗುಜರಿಯವನಿಗೆ ಫೋನ್ ಮಾಡುವ ಬದಲು ಅಂಗಳಕ್ಕಿಳಿದವರು.

ಆ ಮೆಕ್ಯಾನಿಕ್‌ಗಳಿಗೂ ಈಗ ಎಪ್ಪತ್ತು ದಾಟಿದೆ. ಆ ಅಪ್ಪಂದಿರಿಗೂ. ಅವರಿಗೆ ಗೊತ್ತಿರೋದು ಯಾವ ಪುಸ್ತಕದಲ್ಲೂ ಇಲ್ಲ. ಗಾಡಿಯನ್ನು ನಾಳೆಯೂ ಕೊಳ್ಳಬಹುದು, ದುಡ್ಡಿದ್ದರೆ ಸಿಗುತ್ತೆ. ಅದನ್ನು ಎಬ್ಬಿಸುವುದು ಹೇಗೆ ಅಂತ ಹೇಳುವವರು ನಾಳೆ ಸಿಗ್ತಾರಾ? ಆದ್ದರಿಂದ ವೀಕ್ಷಕರೇ, ಈ ಭಾನುವಾರ ಎರಡು ಕೆಲಸ ಮಾಡಿ. ಮೊದಲನೆಯದು, ಶೆಡ್ಡಿನ ಗೋಣಿಚೀಲ ಸರಿಸಿ, ಅಪ್ಪನಿಗೊಂದು ಕುರ್ಚಿ ಹಾಕಿ, 'ಇದು ಹೇಗೆ ಸ್ಟಾರ್ಟ್ ಆಗುತ್ತೆ?' ಅಂತ ಕೇಳಿ. ಎರಡನೆಯದು, ಆರ್‌ಸಿ ಎಲ್ಲಿದೆ ಅಂತ ನೋಡಿ. ಸಾಮಾನ್ಯವಾಗಿ ಅದು ಅಮ್ಮನ ಸೀರೆಯ ಕೆಳಗೆ, ಬೀರುವಿನಲ್ಲಿರುತ್ತೆ.